ಹೊಸ ಇಂಜಿನ್ ಬರಲಿ, ಆಮೇಲೆ ನೋಡೋಣ

ಅವತ್ತು ಸಂಜೆ ಬ್ಯಾಂಕಿನಿಂದ ಮನೆಗೆ ಬಂದಾಗ ಹಾಲ್‌ನಲ್ಲಿ ಮೂವರು ಟೀವಿ ಮುಂದೆ ಕೂತು ನೀರಿಗೆ ಚಪ್ಪಾಳೆ ತಟ್ಟುತ್ತಿದ್ದರು.

ತಮಾಷೆ ಮಾಡುತ್ತಿಲ್ಲ. ಟೀವಿಯಲ್ಲಿ ಇದ್ದದ್ದು ನೀರು ಮಾತ್ರ. ಒಂದು ಬಂಡೆ, ಅದಕ್ಕೆ ಬಡಿಯುವ ಅಲೆ, ಮೇಲೆ ಒಂದಿಷ್ಟು ಬಿಸಿಲು. ಅಲೆ ಒಡೆದು ನೊರೆಯಾದಾಗ ನನ್ನ ಮಗಳು ಅನಘ ‘ಅಬ್ಬಾ’ ಎಂದಳು. ಅವಳ ಗೆಳತಿ ಶ್ರಾವಣಿ ಬಾಯಿಗೆ ಕೈ ಇಟ್ಟುಕೊಂಡಳು. ಮೂರನೆಯವನು, ಚರಣ್, ಎದ್ದೇ ನಿಂತಿದ್ದ. (ವಿಜಯವಾಡದ ಪಟಮಟದಲ್ಲಿರುವ ನಮ್ಮ ಮನೆಯ ನಲ್ಲಿಯಲ್ಲಿ ನೀರು ಬಂದಾಗ ನನಗೂ ಖುಷಿಯಾಗುತ್ತದೆ. ಆದರೆ ಚಪ್ಪಾಳೆ ತಟ್ಟಿದ ನೆನಪಿಲ್ಲ.)

‘ಯಾವೂರಿನ ನದಿನೇ ಅದು?’ ಎಂದೆ.

‘ನದಿ ಅಲ್ಲಮ್ಮಾ. ಇಂಜಿನ್!’

ಕಂಪ್ಯೂಟರ್ ಗೇಮ್ ಮಾಡುವವರಿಗೆ ಇಂಜಿನ್ ಅಂತ ಒಂದು ಸಾಫ್ಟ್‌ವೇರ್ ಇರುತ್ತದೆ. ಅನಘ ನನಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದಳು: ‘ನೀನು ದೋಸೆ ಮಾಡೋಕೆ ಮೊದಲು ಗ್ರೈಂಡರ್ ತಯಾರು ಮಾಡ್ತೀಯಾ? ಇಲ್ಲ ಕದಾ? ಅಂಗಡಿಯಿಂದ ತರ್ತೀಯ. ಇದೂ ಅಂತೇ.’ (ಕದಾ ಎಂದರೆ ಅಲ್ವಾ, ಅಂತೇ ಎಂದರೆ ಹಾಗೇ. ವಾಕ್ಯದಲ್ಲಿ ಎರಡು ತೆಲುಗು ಪದ ಬಂದರೆ ನಮ್ಮ ಮನೆಯಲ್ಲಿ ಅದು ಶುದ್ಧ ಕನ್ನಡ. ಅವಳು ಒಂಬತ್ತನೇ ಕ್ಲಾಸಿನಿಂದ ಬೆಳೆದದ್ದು ವಿಜಯವಾಡದಲ್ಲಿ.)

ಅಂದರೆ ಹೊಸ ಗ್ರೈಂಡರ್ ಬರಲಿದೆ. ಅದರಲ್ಲಿ ನೀರು ನಿಜವಾದ ನೀರಿನ ಹಾಗೇ ಹರಿಯುತ್ತದೆ. ಕೊನೆಗೆ ಟೀವಿಯಲ್ಲಿ ಒಬ್ಬ ಗಡ್ಡದ ಮನುಷ್ಯ ಬಂದು ‘ಕಮಿಂಗ್ ಸೂನ್’ ಎಂದ. ಮೂವರೂ ಮತ್ತೆ ಚಪ್ಪಾಳೆ ತಟ್ಟಿದರು.

ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ಬ್ರ್ಯಾಂಚಿನಲ್ಲಿ ಗ್ರಾಹಕರಿಗೆ ‘ಬೇಗ ಆಗುತ್ತೆ ಸಾರ್’ ಎಂದು ಹೇಳಿ ನೋಡಿ. ಚಪ್ಪಾಳೆ ಬೀಳುತ್ತದೆಯೇ?

ಈ ಮೂವರ ಪರಿಚಯ ಮಾಡಿಕೊಡಬೇಕು. ಹೋದ ವರ್ಷ ಇಂಜಿನಿಯರಿಂಗ್ ಮುಗಿಸಿದರು. ಕೆಲಸ ಹುಡುಕುವ ಬದಲು ಕಂಪನಿ ಮಾಡಿದರು. ಹೆಸರು ಕಾಕಿ ಗೇಮ್ಸ್. ಕಾಕಿ ಎಂದರೆ ತೆಲುಗಿನಲ್ಲಿ ಕಾಗೆ. ತುಮಕೂರಿನಲ್ಲಿರುವ ನಮ್ಮತ್ತೆಗೆ ಫೋನಿನಲ್ಲಿ ಇದನ್ನು ಹೇಳಿದ್ದೇ ತಪ್ಪಾಯಿತು. ಮೊಮ್ಮಗಳು ಪೊಲೀಸ್ ಇಲಾಖೆಗೆ ಸೇರಿದಳೆಂದು ಅಕ್ಕಪಕ್ಕದ ಮನೆಗಳಿಗೆಲ್ಲ ಸಿಹಿ ಹಂಚಿದ್ದಾರೆ. ಕಂಪನಿಗೆ ಲೋಗೋ ಇದೆ, ಟೀ ಶರ್ಟ್ ಇದೆ, ವಿಸಿಟಿಂಗ್ ಕಾರ್ಡ್ ಇದೆ. ಹೆಡ್ ಆಫೀಸ್ ನಮ್ಮ ಊಟದ ಮೇಜು. ಹಾಗಾಗಿ ನಾವು ಊಟ ಮಾಡುವುದು ಸೋಫಾದ ಮೇಲೆ.

ಗೇಮೂ ಇತ್ತು. ಹೆಚ್ಚು ಕಡಿಮೆ ಇತ್ತು.

ಕಥೆ ಸರಳ. ವಿಜಯವಾಡದ ಹಳೇ ಪೇಟೆಯಾದ ಒನ್ ಟೌನಿನ ಗಲ್ಲಿಗಳಲ್ಲಿ ಮೂಟೆ ಹೇರಿದ ತಳ್ಳುಗಾಡಿಯನ್ನು ದಾಟಿಸಿಕೊಂಡು ಹೋಗಬೇಕು. ಎದುರಿಗೆ ಸ್ಕೂಟರು, ಎಮ್ಮೆ, ಹಿಂದಕ್ಕೆ ಬರುವ ಲಾರಿ, ನಡುರಸ್ತೆಯಲ್ಲಿ ನಿಂತು ಫೋನಿನಲ್ಲಿ ಮಾತಾಡುವ ದಪ್ಪ ಮನುಷ್ಯ. ಎಲ್ಲರನ್ನೂ ತಪ್ಪಿಸಿಕೊಂಡು ಕೃಷ್ಣಾ ನದಿಯ ದಡಕ್ಕೆ ಮುಟ್ಟಿದರೆ ಗೆದ್ದಿರಿ. ನನ್ನ ಬ್ರ್ಯಾಂಚ್ ಇರುವುದೂ ಒನ್ ಟೌನಿನಲ್ಲೇ. ದಿನಾ ಬೆಳಿಗ್ಗೆ ನಾನು ಈ ಆಟವನ್ನು ಗಾಡಿಯಿಲ್ಲದೆ ಆಡುತ್ತೇನೆ.

ಗಲ್ಲಿ ಆಯಿತು, ಎಮ್ಮೆ ಆಯಿತು. ಉಳಿದದ್ದು ನದಿ. ಅದು ಚರಣ್‌ನ ಪಾಲಿನ ಕೆಲಸ. ಅವನು ನದಿ ಮಾಡುವುದಿಲ್ಲ ಎಂದು ಕೂತಿದ್ದ.

‘ಹಳೇ ಇಂಜಿನ್‌ನಲ್ಲಿ ಕೃಷ್ಣೆಯನ್ನ ಮಾಡಿದರೆ ಅವಳಿಗೇ ಅವಮಾನ ಆಂಟಿ’ ಎಂದ, ತೆಲುಗಿನಲ್ಲಿ. ‘ಹೊಸ ಇಂಜಿನ್ ಬರಲಿ, ಆಮೇಲೆ ನೋಡೋಣ.’

ಆ ಕೃಷ್ಣೆ ನಮ್ಮ ಮನೆಯಿಂದ ಒಂದು ಸಿಟಿ ಬಸ್ಸಿನ ದೂರದಲ್ಲಿ, ಯಾವ ಇಂಜಿನ್ನಿಗೂ ಕಾಯದೆ ಹರಿಯುತ್ತಿದ್ದಳು.

ಚರಣ್‌ನ ತಂದೆಗೆ ಒನ್ ಟೌನಿನಲ್ಲಿ ಒಣಮೆಣಸಿನಕಾಯಿಯ ಹೋಲ್‌ಸೇಲ್ ಅಂಗಡಿ. ನಮ್ಮ ಬ್ರ್ಯಾಂಚಿನ ಹಳೆಯ ಗ್ರಾಹಕರು. ಅವರು ಒಳಗೆ ಬಂದರೆ ಇಡೀ ಬ್ಯಾಂಕು ಸೀನುತ್ತದೆ. ಮಗನಿಗೆ ಅವರು ಸಂಕ್ರಾಂತಿಯವರೆಗೆ ಗಡುವು ಕೊಟ್ಟಿದ್ದರು. ಅಷ್ಟರೊಳಗೆ ಗೇಮ್ ಹೊರಗೆ ಬರಬೇಕು. ಇಲ್ಲದಿದ್ದರೆ ಅಂಗಡಿಯ ಗಲ್ಲಾದಲ್ಲಿ ಕೂರಬೇಕು.

ಒಂದು ದಿನ ನನ್ನ ಮೇಜಿನ ಮುಂದೆ ಕೂತು ಕೇಳಿದರು: ‘ಮೇಡಂ ಗಾರೂ, ಮಾವಾಡು ಮೀ ಇಂಟ್ಲೋ ಏಂ ಚೇಸ್ತುನ್ನಾಡಂಡಿ?’ ನಮ್ಮ ಹುಡುಗ ನಿಮ್ಮ ಮನೆಯಲ್ಲಿ ಏನು ಮಾಡುತ್ತಿದ್ದಾನೆ?

ನೀರು ನೋಡುತ್ತಿದ್ದಾನೆ ಎಂದು ಹೇಗೆ ಹೇಳಲಿ? ವಿಶಾಖಪಟ್ಟಣದ ಒಂದು ಕಾಲೇಜಿನಲ್ಲಿ ಹುಡುಗರು ಮಾಡಿದ ಗೇಮ್‌ಗಳ ಪ್ರದರ್ಶನ ಇದೆ, ಇವರಿಗೂ ಒಂದು ಟೇಬಲ್ ಸಿಕ್ಕಿದೆ ಎಂದೆ. ಅದು ಸುಳ್ಳಲ್ಲ. ಟೇಬಲ್ ಸಿಕ್ಕಿತ್ತು. ಅದರ ಮೇಲೆ ಏನಿಡಬೇಕು ಎಂಬುದೇ ಮನೆಯಲ್ಲಿ ಜಗಳವಾಗಿತ್ತು.

ಜಗಳ ನಡೆದದ್ದು ಹೆಡ್ ಆಫೀಸಿನಲ್ಲೇ. ಇರುವುದನ್ನೇ ತೆಗೆದುಕೊಂಡು ಹೋಗೋಣ ಎಂದು ಅನಘ ಮತ್ತು ಶ್ರಾವಣಿ. ಅರ್ಧಂಬರ್ಧ ತೋರಿಸಿ ಮರ್ಯಾದೆ ಕಳೆದುಕೊಳ್ಳುವುದು ಬೇಡ ಎಂದು ಚರಣ್. ಕೊನೆಗೆ ಅವನು ‘ಹಾಗಾದ್ರೆ ನೀವೇ ಹೋಗಿ, ನನ್ನ ಹೆಸರು ತೆಗೀರಿ’ ಎಂದು ಲ್ಯಾಪ್‌ಟಾಪ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ಶ್ರಾವಣಿಯ ಕಣ್ಣಲ್ಲಿ ನೀರು. (ಈ ನೀರಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ.)

ನಾನು ಹಿರಿಯಳಲ್ಲವೇ? ಬುದ್ಧಿ ಹೇಳಬೇಕಲ್ಲವೇ? ‘ಅವನು ಹೇಳೋದ್ರಲ್ಲೂ ಅರ್ಥ ಇದೆ ಕಣೆ. ಸ್ವಲ್ಪ ದಿನ ಕಾಯಿರಿ, ಏನು ಅರ್ಜೆಂಟು?’ ಎಂದೆ.

ಅನಘ ತಿರುಗಿ ನಿಂತಳು.

‘ನೀನೂ ಅಂತೇ ಕದಾ ಅಮ್ಮಾ! ಇವತ್ತು ಟ್ರಾನ್ಸ್‌ಫರ್ ಬರುತ್ತೆ, ನಾಳೆ ಬರುತ್ತೆ ಅಂತ ಗೋಡೆಗೆ ಒಂದು ಮೊಳೆ ಹೊಡೆದಿಲ್ಲ. ಕರ್ಟನ್ ಹೊಲಿಸಿಲ್ಲ. ನಿಮ್ಮ ಮದುವೆ ಫೋಟೋ ಇನ್ನೂ ರಟ್ಟಿನ ಡಬ್ಬದಲ್ಲೇ ಇದೆ. ಇಲ್ಲಿಗೆ ಬಂದಾಗ ನಾನು ಎರಡು ಜಡೆ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ!’

ಬ್ಯಾಂಕಿನವರಿಗೆ ಟ್ರಾನ್ಸ್‌ಫರ್ ಲಿಸ್ಟ್ ಏನೆಂಬುದು ಬ್ಯಾಂಕಿನವರಿಗಷ್ಟೇ ಗೊತ್ತು ಎಂದು ಹೇಳಲು ಹೊರಟೆ. ಆಮೇಲೆ, ಒಲೆಯ ಮೇಲೆ ಏನೋ ಇದೆ ಎಂದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಅಂತೂ ಪ್ರದರ್ಶನದ ಹಿಂದಿನ ದಿನ ಬೆಳಗಿನ ರೈಲಿನಲ್ಲಿ ಹುಡುಗಿಯರಿಬ್ಬರು ಮತ್ತು ನಾನು ವಿಶಾಖಪಟ್ಟಣಕ್ಕೆ ಹೊರಟೆವು. ಅಲ್ಲಿ ನಮ್ಮ ಯಜಮಾನರಿದ್ದಾರೆ, ಒಂದು ಔಷಧ ಕಂಪನಿಯಲ್ಲಿ. (ನನ್ನ ಬ್ಯಾಂಕು ವಿಜಯವಾಡ ಕೊಟ್ಟಿತು, ಅವರ ಕಂಪನಿ ವಿಶಾಖಪಟ್ಟಣ ಕೊಟ್ಟಿತು. ರಾಜ್ಯ ಒಂದೇ ಆಯಿತಲ್ಲ, ಅದೇ ಪುಣ್ಯ.) ರೈಲಿನಲ್ಲಿ ಶ್ರಾವಣಿ ಲ್ಯಾಪ್‌ಟಾಪ್ ತೆರೆದು ಚರಣ್ ಮಾಡದೆ ಬಿಟ್ಟ ನದಿಯನ್ನು ತಾನೇ ಮಾಡಿದಳು. ಹೇಗೆ? ಒಂದು ನೀಲಿ ಹಾಳೆಯನ್ನು ಹಾಸಿದಳು. ಅಷ್ಟೆ. ಅಲೆಯಿಲ್ಲ, ನೊರೆಯಿಲ್ಲ. ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಶೀಟಿನ ಹಾಗಿತ್ತು.

ಮರುದಿನ ಕಾಲೇಜಿನ ಸಭಾಂಗಣಕ್ಕೆ ಹೋದೆವು. ಒಂದೊಂದು ಟೇಬಲ್ಲಿನ ಹಿಂದೆಯೂ ಆಳೆತ್ತರದ ಪೋಸ್ಟರು, ದೊಡ್ಡ ಪರದೆ, ಅದರಲ್ಲಿ ಉರಿಯುವ ಕೋಟೆ, ಹಾರುವ ಡ್ರ್ಯಾಗನ್, ಎದೆ ನಡುಗಿಸುವ ಮ್ಯೂಸಿಕ್. ನಮ್ಮ ಟೇಬಲ್ಲಿನ ಮೇಲೆ ಒಂದು ಲ್ಯಾಪ್‌ಟಾಪು, ಒಂದು ಪ್ಲೇಟ್ ಚಕ್ಕುಲಿ.

ಆದರೆ ಸ್ವಲ್ಪ ಹೊತ್ತಿನಲ್ಲೇ ಒಂದು ವಿಚಿತ್ರ ಗಮನಿಸಿದೆ. ಜನ ಡ್ರ್ಯಾಗನ್ ಮುಂದೆ ನಿಲ್ಲುತ್ತಾರೆ, ‘ಆಡಬಹುದಾ?’ ಎಂದು ಕೇಳುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಕೋಟೆಯ ಮುಂದೆಯೂ ಅದೇ ಕಥೆ. ವಿಚಾರಿಸಿದರೆ ಹೆಚ್ಚಿನ ಟೇಬಲ್‌ಗಳಲ್ಲಿ ಗೇಮೇ ಇಲ್ಲ! ಇರುವುದು ಮುಂದೆ ಬರಲಿರುವ ಗೇಮಿನ ವಿಡಿಯೋ. ಎಲ್ಲರೂ ಅದೇ ಹೊಸ ಇಂಜಿನ್ನಿಗೆ ಕಾಯುತ್ತಿದ್ದಾರೆ.

ನಮ್ಮ ಟೇಬಲ್ಲಿನ ಮುಂದೆ ಸಾಲು ನಿಂತಿತು. ಎಮ್ಮೆಗೆ ಗುದ್ದಿದರೆ ಅದು ತಿರುಗಿ ನೋಡುವುದು ಮಕ್ಕಳಿಗೆ ಭಾರಿ ಇಷ್ಟವಾಯಿತು. ಅಲ್ಲಿಗೇ ಬಂದಿದ್ದ ನಮ್ಮ ಯಜಮಾನರು ಆ ಫೋನಿನ ಮನುಷ್ಯನಿಗೆ ಆಡಿದ ಮೂರು ಸಲವೂ ಗುದ್ದಿ, ‘ತಪ್ಪು ಅವನದೇ’ ಎಂದು ವಾದಿಸುತ್ತ ಎದ್ದರು.

ಮಧ್ಯಾಹ್ನದ ಹೊತ್ತಿಗೆ ನನಗೆ ಸೀನು ಬಂತು. ತಿರುಗಿ ನೋಡಿದರೆ ಚರಣ್‌ನ ತಂದೆ! ಅವರ ಹಿಂದೆ ತಲೆ ತಗ್ಗಿಸಿಕೊಂಡು ಚರಣ್.

ನಡೆದದ್ದು ಇಷ್ಟು. ನಾನು ಬ್ಯಾಂಕಿನಲ್ಲಿ ಹೇಳಿದ್ದರ ಬಗ್ಗೆ ಅವರು ಮಗನನ್ನು ಕೇಳಿದ್ದಾರೆ. ತಾನು ಹೋಗುವುದಿಲ್ಲ ಎಂದಿದ್ದಾನೆ. ಹಾಗಾದರೆ ಗೇಮ್ ಅನ್ನೋದು ಇದೆಯಾ ಇಲ್ಲವಾ, ಕಣ್ಣಾರೆ ನೋಡೇಬಿಡ್ತೀನಿ ಎಂದು ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದಾರೆ.

ಅವರು ಸಾಲಿನಲ್ಲಿ ನಿಂತರು. ಸರದಿ ಬಂದಾಗ ಕೂತರು. ಉಂಗುರದ ಬೆರಳುಗಳಿಂದ ಕೀ ಒತ್ತಿದರು. ಗಾಡಿ ಹೊರಟಿತು. ಗಲ್ಲಿ ತಿರುಗಿತು. ಫಕ್ಕನೆ ನಿಂತಿತು.

‘ಇದೇಂಟ್ರಾ?’ ಎಂದರು. ‘ವಾಡಿ ಬೋರ್ಡು ಪೆದ್ದದಿ, ಮನದಿ ಚಿನ್ನದಾ?’

ಇದೇನೋ ಇದು, ಎದುರು ಅಂಗಡಿಯವನ ಬೋರ್ಡು ದೊಡ್ಡದು, ನಮ್ಮದು ಚಿಕ್ಕದಾ? ಅವರ ಅಂಗಡಿಯಿರುವ ಗಲ್ಲಿ ಅದು, ಮಗನೇ ಬಿಡಿಸಿದ್ದು. ನಮ್ಮ ಅಂಗಡಿಯನ್ನೇ ದೊಡ್ಡದು ಮಾಡಿದರೆ ಚೆನ್ನಾಗಿರಲ್ಲ ಎಂದು ಸಂಕೋಚದಿಂದ ಚಿಕ್ಕದಾಗಿ ಬರೆದಿದ್ದನಂತೆ. ಅಪ್ಪನ ಮುಖ ಮೆಣಸಿನಕಾಯಿಯಾಗಿತ್ತು. ಅದೇ ಸಿಟ್ಟಿನಲ್ಲಿ ಗಾಡಿಯನ್ನು ನುಗ್ಗಿಸಿದರು. ಎಮ್ಮೆ ತಪ್ಪಿತು, ಲಾರಿ ತಪ್ಪಿತು, ದಡವೂ ತಪ್ಪಿತು. ಗಾಡಿ ಸೀದಾ ನದಿಗೆ ಬಿತ್ತು.

ಬಿತ್ತು ಎನ್ನುವುದು ತಪ್ಪು. ನಿಂತಿತು. ಶ್ರಾವಣಿ ಅವಸರದಲ್ಲಿ ಹಾಸಿದ ನೀಲಿ ಹಾಳೆ ನೆಲದಷ್ಟೇ ಗಟ್ಟಿಯಾಗಿತ್ತು. ಗಾಡಿ ನೀರಿನ ಮೇಲೆ ಗಡಗಡ ಓಡಿತು. ಸಾಲಿನಲ್ಲಿದ್ದವರೆಲ್ಲ ಹೋ ಎಂದು ನಕ್ಕರು.

ನಾನು ಚರಣ್‌ನ ಮುಖ ನೋಡಿದೆ. ಬಣ್ಣವೇ ಇಳಿದುಹೋಗಿತ್ತು. ಅವನು ಮೆಲ್ಲಗೆ ಹೊರಗೆ ಹೋದ. ನಾನೂ ಹಿಂದೆ ಹೋಗಿ ಒಂದು ಲೋಟ ಚಹಾ ಕೈಗಿಟ್ಟೆ.

‘ಆಂಟಿ, ನದಿ ಆದ್ರೆ ಗೇಮ್ ಮುಗಿದುಹೋಗುತ್ತೆ’ ಎಂದ. ‘ಮುಗಿದ ಮೇಲೆ ಜನ ಚೆನ್ನಾಗಿಲ್ಲ ಅಂದ್ರೆ? ಆಮೇಲೆ ಯಾವುದರ ಮೇಲೆ ತಪ್ಪು ಹಾಕಲಿ?’

ಇದಕ್ಕೆ ಉತ್ತರ ಗೊತ್ತಿದ್ದಿದ್ದರೆ ನಾನು ಕಾದಂಬರಿ ಬರೆದು ಮುಗಿಸಿರುತ್ತಿದ್ದೆ, ವಾರವಾರ ಅಂಕಣ ಬರೆಯುತ್ತಿರಲಿಲ್ಲ.

ಒಳಗಿನಿಂದ ಅನಘ ಓಡಿ ಬಂದಳು. ‘ಚರಣ್, ಬೇಗ ಬಾ! ಒಂದು ಪಾಪು ಇನ್ನೊಂದು ಸಲ ನೀರಿನ ಮೇಲೆ ಓಡಿಸಬೇಕು ಅಂತ ಅಳ್ತಿದೆ. ಶ್ರಾವಣಿಗೆ ಗಾಡಿ ಹಿಂದಕ್ಕೆ ತರೋಕೆ ಬರ್ತಿಲ್ಲ!’

ಅವನು ಚಹಾ ಅಲ್ಲೇ ಇಟ್ಟು ಹೋದ. ಮತ್ತೆ ಆ ಕುರ್ಚಿಯಿಂದ ಏಳಲಿಲ್ಲ. ಸಂಜೆಯೊಳಗೆ ಗಾಡಿ ನೀರಿನಿಂದ ಹಿಂದಕ್ಕೆ ಬರುವಂತಾಯಿತು. ಅಂಗಡಿಯ ಬೋರ್ಡೂ ದೊಡ್ಡದಾಯಿತು. ಅಪ್ಪ ಪಕ್ಕದಲ್ಲೇ ನಿಂತು ‘ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ’ ಎಂದು ಮಾಡಿಸಿಕೊಂಡರು.

ಬಹುಮಾನ ಬಂತೇ ಎಂದು ಕೇಳುತ್ತೀರಿ. ಬಂತು, ಡ್ರ್ಯಾಗನ್ ಟೇಬಲ್ಲಿಗೆ. ‘ಬಹು ನಿರೀಕ್ಷಿತ ಗೇಮ್’ ಎಂಬ ಪ್ರಶಸ್ತಿ. ಗೆದ್ದ ಹುಡುಗ ಮೈಕು ಹಿಡಿದು, ಹೊಸ ಇಂಜಿನ್ ಬಂದ ತಕ್ಷಣ ಕೆಲಸ ಶುರು ಮಾಡುತ್ತೇವೆ ಎಂದ. ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು.

ಚರಣ್‌ನ ತಂದೆ ನನ್ನತ್ತ ಬಾಗಿ ಕೇಳಿದರು. ‘ಸರುಕು ಲೇದು, ಬಹುಮತಿ ಉಂದಾ ಮೇಡಂ ಗಾರೂ?’ ಸರಕೇ ಇಲ್ಲ, ಬಹುಮಾನ ಇದೆಯಾ? ಮೂವತ್ತು ವರ್ಷ ವ್ಯಾಪಾರ ಮಾಡಿದ ಮನುಷ್ಯ. ಇಂಥ ಲಾಭದ ದಂಧೆ ಅವರಿಗೆ ಗೊತ್ತೇ ಇರಲಿಲ್ಲ.

ಸಂಕ್ರಾಂತಿಗೆ ಮೊದಲೇ ಗೇಮ್ ಹೊರಗೆ ಬಂತು. ಪುಕ್ಕಟೆ ಬಿಟ್ಟರು. ಆಡಿದವರು ಸಾಕಷ್ಟು ಜನ, ಬೈದವರೂ ಇದ್ದಾರೆ. ‘ನೀರು ಪ್ಲಾಸ್ಟಿಕ್ ಇದ್ದಂಗಿದೆ’ ಎಂದು ಯಾರೋ ಬರೆದದ್ದನ್ನು ಚರಣ್‌ನೇ ಓದಿ ಹೇಳಿದ. ಓದಿ, ಊಟವನ್ನೂ ಮಾಡಿದ. ಗಡುವಿನ ಮಾತನ್ನು ಅವನ ತಂದೆ ಮತ್ತೆ ಎತ್ತಲಿಲ್ಲ. ಈಗ ಬೆಳಿಗ್ಗೆ ಅಂಗಡಿಯಲ್ಲಿ ಒಂದೆರಡು ಗಂಟೆ ಕೂತು, ಆಮೇಲೆ ನಮ್ಮ ಮನೆಗೆ ಬರುತ್ತಾನೆ. ಎರಡನೇ ಗೇಮ್ ಶುರುವಾಗಿದೆ.

ಹೋದ ವಾರ ಆ ಹೊಸ ಇಂಜಿನ್ ಬಂತು. ನಾನೇ ಪೇಪರಿನಲ್ಲಿ ಓದಿ ಹೇಳಿದೆ. ಮೂವರಲ್ಲಿ ಯಾರೂ ಎದ್ದು ನಿಲ್ಲಲಿಲ್ಲ.

‘ಹೌದಾ ಆಂಟಿ?’ ಎಂದ ಚರಣ್, ಪರದೆಯಿಂದ ಕಣ್ಣು ತೆಗೆಯದೆ. ‘ಇದನ್ನ ಹಳೇದರಲ್ಲೇ ಮುಗಿಸಿಬಿಡ್ತೀವಿ. ಆಮೇಲೆ ನೋಡೋಣ.’

ಕಥೆ ಇಲ್ಲಿಗೇ ಮುಗಿದಿದ್ದರೆ ನೀತಿ ಪಾಠವಾಗುತ್ತಿತ್ತು. ಆದರೆ ನಿನ್ನೆ ಬ್ರ್ಯಾಂಚಿನಲ್ಲಿ ಮತ್ತೆ ಎಲ್ಲರೂ ಸೀನಿದರು. ಚರಣ್‌ನ ತಂದೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು. ಹೊಸ ಇಂಜಿನ್ನಿನಲ್ಲಿ ಅಂಗಡಿಯ ಬೋರ್ಡಿನ ಲೈಟು ನಿಜವಾದ ಲೈಟಿನ ಹಾಗೇ ಬೆಳಗುತ್ತದಂತೆ, ಮಗನ ಬಾಯಿಂದ ಯಾವಾಗಲೋ ಕೇಳಿದ್ದಾರೆ. ಎರಡನೇ ಗೇಮಿಗೆ ಇಷ್ಟು ಅವಸರ ಯಾಕೆ ಮೇಡಂ ಗಾರೂ? ಹುಡುಗರು ನಿಧಾನವಾಗಿ ಹೊಸದನ್ನು ಕಲಿಯಲಿ, ಆಮೇಲೆ ಮಾಡಲಿ, ನೀವೊಂದು ಮಾತು ಹೇಳಿ ನೋಡಿ.

ತನ್ನ ಬೋರ್ಡಿನ ಮೇಲೆ ಬೆಳಕು ಬೀಳುವುದಾದರೆ, ಎಷ್ಟು ದಿನ ಬೇಕಾದರೂ ಕಾಯಲು ಯಾರು ತಾನೇ ತಯಾರಿಲ್ಲ, ಹೇಳಿ?