ಗಿರಣಿಯಮ್ಮನ ಧೂಳು

ಚಿಪ್ ಕಾರ್ಖಾನೆ ಬಂದ ಮೇಲೆ ಊರಿನಲ್ಲಿ ಬಾಡಿಗೆ ಮೂರು ಪಟ್ಟಾಯಿತು. ಮದುವೆ ಮಾತಿನಲ್ಲಿ ಅಲ್ಲಿನ ಹುಡುಗರ ಬೆಲೆ ನಾಲ್ಕು ಪಟ್ಟು. ಗಿರಣಿಯಮ್ಮನ ಮಗ ಮಾತ್ರ ಇನ್ನೂ ತಕ್ಕಡಿ ಏರಿರಲಿಲ್ಲ. ಕಾರ್ಖಾನೆಯಲ್ಲಿ ಆರು ತಿಂಗಳ ತಾತ್ಕಾಲಿಕ ನೌಕರ, ಆಮೇಲೆ ಕಾಯಂ ಆದರೆ ಆದ. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟ ಮೊದಲ ದಿನ ಕನ್ನಡಿಯಲ್ಲಿ ಅವನಿಗೆ ಗಗನಯಾತ್ರಿ ಕಂಡಿದ್ದ. ಎರಡನೇ ದಿನ ಕಂಡದ್ದು ತಮ್ಮನೆ ಹಿಟ್ಟಿನ ಮೂಟೆ.

ಅಲ್ಲಿ ಕಣ್ಣಿಗೆ ಕಾಣದ ಧೂಳು ಕೂತರೂ ಚಿಪ್ ಕೆಡುತ್ತದೆ. ಐದನೇ ತಿಂಗಳು ಧೂಳೆಣಿಸುವ ಯಂತ್ರ ಕೆಂಪು ದೀಪ ಹತ್ತಿಸಿತು, ಅದೂ ಅವನ ಮೇಜಿನ ಬಳಿಯೇ.

"ನಿಮ್ಮನೇಲಿ ಹಿಟ್ಟಿನ ಗಿರಣಿ ಇದೆ ಅಂತಲ್ಲ?" ಎಂದ ಸೂಪರ್‌ವೈಸರ್. "ಹೀಗೆ ಮೈತುಂಬ ಹಿಟ್ಟು ಹೊತ್ಕೊಂಡು ಬಂದ್ರೆ ಕಾಯಂ ಹೇಗ್ರೀ ಮಾಡೋದು?"

ಅವನು ದಿನಕ್ಕೆ ಎರಡು ಸಲ ಮಿಂದ, ಹುಬ್ಬು ಕೂಡ ಬಾಚಿದ. ದೀಪ ಆರಲಿಲ್ಲ. ಕೊನೆಗೆ ತಾಯಿಯ ಮುಂದೆ ನಿಂತ.

"ಅಮ್ಮ, ಗಿರಣಿ ನಿಲ್ಸಿಬಿಡೋಣ."

ಆಕೆ ಮೋಟಾರು ಆರಿಸಿದಳು. ಗಂಡ ಸತ್ತ ತಿಂಗಳಿಗೇ ಆಕೆ ಕೈಗೆತ್ತಿಕೊಂಡ ಗಿರಣಿ; ಇಪ್ಪತ್ತೊಂದು ವರ್ಷವಾಗಿತ್ತು.

"ಇದೇ ಧೂಳು ಕುಡಿದು ದೊಡ್ಡೋನಾದೆ ಕಣೋ. ಈಗ ಆಗಲ್ವಾ ನಿಂಗೆ?"

"ನಂಗಲ್ಲಮ್ಮ, ಚಿಪ್ಪಿಗೆ."

"ಭಾರಿ ನಾಜೂಕು ನಿಮ್ ಚಿಪ್ಪು. ದೊಡ್ಡ ಮನೆ ಸೊಸೆ ಥರ," ಎಂದು ನಕ್ಕಳು. ಮಾರನೇ ದಿನವೇ ಗುಜರಿಯವನನ್ನು ಕರೆಸಿ ಮೋಟಾರು, ಕಲ್ಲು ಎರಡನ್ನೂ ಎತ್ತಿಸಿದಳು. ಆ ಕೋಣೆಗೆ ಕಾರ್ಖಾನೆಯ ಇಬ್ಬರು ಬಾಡಿಗೆಗೆ ಬಂದರು. ಗಿರಣಿಯ ಸಂಪಾದನೆಗಿಂತ ಬಾಡಿಗೆಯೇ ಹೆಚ್ಚು. ಅದೃಷ್ಟ ಖುಲಾಯಿಸಿತು ಎಂದರು ಬೀದಿಯವರು. ಡಬ್ಬ ಹಿಡಿದು ಬಂದು ಬಾಗಿಲಲ್ಲಿ ಹರಟೆ ಹೊಡೆಯುವುದನ್ನು ಮಾತ್ರ ಬಿಟ್ಟರು.

ಹತ್ತು ದಿನ ಕಳೆದರೂ ದೀಪ ಕೆಂಪಗೇ ಉರಿಯುತ್ತಿತ್ತು. ಆಗ ಯಾರಿಗೋ ಏಣಿ ಹಾಕುವ ಬುದ್ಧಿ ಬಂತು. ಅವನ ಮೇಜಿನ ನೆತ್ತಿಯ ಮೇಲೆ, ಗಾಳಿ ಸೋಸುವ ಫಿಲ್ಟರ್ ಬೆರಳುದ್ದ ಹರಿದಿತ್ತು.

"ಅಯ್ಯೋ, ನಿಮ್ದಲ್ವೇನ್ರೀ!" ಎಂದು ಸೂಪರ್‌ವೈಸರ್ ಬೆನ್ನು ತಟ್ಟಿದ. ಅದೇ ವಾರ ಕಾಯಂ ಪತ್ರವೂ ಕೈಗೆ ಬಂತು.

ಮನೆಯಲ್ಲಿ ಅಮ್ಮ ಸುಮ್ಮನೆ ಕೂತಿದ್ದಳು. ಉಗುರಿನ ಸಂದಿಯಲ್ಲಿ ಸದಾ ಇರುತ್ತಿದ್ದ ಹಿಟ್ಟೂ ಈಗ ಇರಲಿಲ್ಲ.

"ಧೂಳು ಹೋಯ್ತೇನೋ?"

ಬಾಯಿಗೆ ಬಂದ ನಿಜವನ್ನು ಅವನು ನುಂಗಿಕೊಂಡ. ನುಂಗುವುದರಲ್ಲಿ ಅವನು ಆಗಲೇ ಕಾಯಂ.

"ಹೋಯ್ತಮ್ಮ. ನೀನು ಗಿರಣಿ ನಿಲ್ಸಿದ ದಿನಾನೇ."

"ಸದ್ಯ." ಅವನು ಕೊಟ್ಟ ಪತ್ರವನ್ನು ಮಡಿಸಿ ಅವನ ಜೇಬಿಗೇ ತುರುಕಿದಳು. "ಹಾಗೇ ಅಂಗಡಿಗೆ ಹೋಗಿ ಒಂದು ಪ್ಯಾಕೆಟ್ ಹಿಟ್ಟು ತಗೊಂಡ್ ಬಾ. ಡೇಟ್ ನೋಡ್ಕೊಂಡು ತಗೋ. ಯಾವ ಕಾಲದಲ್ಲಿ ಬೀಸಿದ್ದೋ ಏನೋ."