ಬಾಲ್ಕನಿಗೆ ಬಂದ ಕೊಲಿಬ್ರಿ

ಸ್ವೀಡನ್ನಿನ ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ ವೇದವತಿಯ ಕೆಲಸವೇ ಸದ್ದು ಹುಡುಕುವುದು. ಓಡುವ ಗಾಡಿ ಎಲ್ಲಿ ಗುಂಯ್ ಎನ್ನುತ್ತದೆ, ಏಕೆ ಎನ್ನುತ್ತದೆ ಎಂದು ಪತ್ತೆ ಹಚ್ಚಬೇಕು. ಹಾಗಾಗಿ ಜುಲೈ ತಿಂಗಳ ಒಂದು ಸಂಜೆ ಬಾಲ್ಕನಿಯ ಲ್ಯಾವೆಂಡರ್ ಕುಂಡದಿಂದ ಹೊಸದೊಂದು ಗುಂಯ್ ಸದ್ದು ಕೇಳಿದಾಗ ಅವಳು ಕಾಫಿ ಕೆಳಗಿಟ್ಟು ಎದ್ದಳು.

ಮಗಳು ಅವನಿ ಆಗಲೇ ಗಾಜಿಗೆ ಮೂಗು ಒತ್ತಿ ನಿಂತಿದ್ದಳು. "ಅಮ್ಮಾ, ತಿತ್ತಾ, ನೋಡು! ಕೊಲಿಬ್ರಿ!" ಎಂದಳು ಸ್ವೀಡಿಷ್ ಬೆರೆಸಿ.

ನೋಡಿದರೆ ಕೊಲಿಬ್ರಿಯೇ, ಅಂದರೆ ಹಮ್ಮಿಂಗ್‌ಬರ್ಡ್. ಹೆಬ್ಬೆರಳಿನಷ್ಟು ಮೈ, ಗಾಳಿಯಲ್ಲೇ ನಿಂತು ಹೂವಿನೊಳಗೆ ಕೊಕ್ಕು ಇಳಿಸುತ್ತಿತ್ತು. ರೆಕ್ಕೆ ಇದ್ದಲ್ಲಿ ಬರೀ ಮಸುಕು.

"ಅಮೆರಿಕದಲ್ಲಿ ಕೆಂಪು ಕತ್ತಿನ ಒಂದು ಪುಟಾಣಿ ಹಮ್ಮಿಂಗ್‌ಬರ್ಡ್ ಇದೆಯಂತೆ. ಮೈತುಂಬ ಕೊಬ್ಬು ತುಂಬಿಸ್ಕೊಂಡು ಮೆಕ್ಸಿಕೋ ಕೊಲ್ಲಿನ ನಾನ್‌ಸ್ಟಾಪ್ ದಾಟುತ್ತೆ," ಎಂದಳು ವೇದವತಿ ಗಂಡನಿಗೆ. "ಅದು ಇಲ್ಲಿಗೆ ಬಂದ್ಬಿಟ್ಟಿದ್ರೆ?"

ನಂದಕುಮಾರ ನಕ್ಕ. "ಊರಿಗೆಲ್ಲ ಹೇಳೋಕೆ ಮುಂಚೆ ಕನ್ಫರ್ಮ್ ಮಾಡ್ಕೊ."

ಫೋನಿನಲ್ಲಿ ತೆಗೆದ ವಿಡಿಯೋವನ್ನು ನಿಧಾನಗತಿಯಲ್ಲಿ ಓಡಿಸಿದಾಗ ತಲೆಯ ಮೇಲೆ ಎರಡು ಮೀಸೆಗಳು ಕಂಡವು. ಕೊಕ್ಕು ಎಂದುಕೊಂಡದ್ದು ಸುರುಳಿ ಸುತ್ತುವ ನಾಲಿಗೆ. ಪಕ್ಕದ ಮನೆಯ ಇಂಗೆಲಾ ನೋಡಿದ ಕೂಡಲೇ ಹೇಳಿದಳು: "ಇದು ಪತಂಗ. ಯೂರೋಪಿನಲ್ಲಿ ಕಾಡು ಕೊಲಿಬ್ರಿ ಒಂದೂ ಇಲ್ಲ. ಆದರೆ ಇದೂ ವಲಸೆಯದೇ, ದಕ್ಷಿಣದ ದೇಶಗಳಿಂದ ಹಾರಿ ಬರುತ್ತದೆ."

ವೇದವತಿಗೆ ಒಂದು ಗಳಿಗೆ ಪೆಚ್ಚೆನಿಸಿತು. ಆಮೇಲೆ ಒಂದು ಪ್ರಶ್ನೆ ತಲೆ ಕೊರೆಯತೊಡಗಿತು. ಒಂದು ಹಕ್ಕಿ, ಒಂದು ಹುಳ. ನಂಟೇ ಇಲ್ಲದ ಎರಡೂ ಒಂದೇ ರೀತಿ ಹಾರುವುದನ್ನು ಕಲಿತದ್ದು ಹೇಗೆ? ಆಫೀಸಿನಲ್ಲಿ ಫೀಕಾ ಎಂಬ ಕಾಫಿ ವಿರಾಮದ ಹೊತ್ತಿನಲ್ಲಿ ತನ್ನ ವಿಡಿಯೋದ ಪತಂಗದ ಸದ್ದನ್ನೂ ಇಂಟರ್ನೆಟ್ಟಿನಲ್ಲಿ ಸಿಕ್ಕ ಹಕ್ಕಿಯ ಸದ್ದನ್ನೂ ಕಂಪ್ಯೂಟರಿಗೆ ಹಾಕಿ ಹೋಲಿಸಿದಳು. ಪತಂಗದ ಸ್ವರವೇ ಮೇಲಿತ್ತು, ಅದರ ರೆಕ್ಕೆ ಹಕ್ಕಿಯದಕ್ಕಿಂತ ವೇಗವಾಗಿ ಬಡಿಯುತ್ತಿತ್ತು.

ಇದರ ಮರಿಹುಳು ತಿನ್ನುವುದು ಗುಲ್‌ಮೋರ ಎಂಬ ಹಳದಿ ಹೂವಿನ ಕಾಡುಗಿಡವನ್ನು ಎಂದು ಇಂಗೆಲಾ ಹೇಳಿದ್ದಳು. ವೇದವತಿ ಅದನ್ನೇ ತಂದು ಕುಂಡಗಳಲ್ಲಿ ಬೆಳೆಸಿದಳು. ಮರುವರ್ಷ ಏನೂ ಬರಲಿಲ್ಲ. ಅವನಿ ಆಸೆ ಬಿಟ್ಟಳು. ಅದರ ಮುಂದಿನ ಆಗಸ್ಟ್‌ನಲ್ಲಿ ಗಿಡದ ಮೇಲೆ ಹಸಿರು ಹುಳು ಸಿಕ್ಕಿತು, ಬಾಲದಲ್ಲಿ ನೀಲಿ ಕೊಂಬು. ಗಾಳಿಯಾಡುವ ಪೆಟ್ಟಿಗೆಯಲ್ಲಿ ಸಾಕಿದರು. ಹುಳು ಕೋಶವಾಯಿತು, ಸೆಪ್ಟೆಂಬರ್ ಕೊನೆಗೆ ಕೋಶ ಪತಂಗವಾಯಿತು.

ಪೆಟ್ಟಿಗೆಯಿಂದ ತೆಗೆದು ಬಾಲ್ಕನಿಯ ಕಟ್ಟೆಯ ಮೇಲೆ ಬಿಟ್ಟಾಗ ಅದು ಗಡಗಡ ನಡುಗಿತು.

"ಚಳೀನಾ?" ಅವನಿ ಕೇಳಿದಳು.

"ಇಲ್ಲ ಕಣೇ, ಹಾರೋಕೆ ಮೈ ಬಿಸಿ ಮಾಡ್ಕೊತಿದೆ," ಎಂದಳು ವೇದವತಿ.

"ಇಲ್ಲೇ ಹುಟ್ಟಿದ್ದಲ್ವಾ, ದಕ್ಷಿಣದ ದೇಶಕ್ಕೆ ಹೋಗೋ ದಾರಿ ಹೇಗೆ ಗೊತ್ತು?"

ವೇದವತಿ, ಪತಂಗ ನೋಡಲು ಬಂದು ಪಕ್ಕದಲ್ಲಿ ನಿಂತಿದ್ದ ಇಂಗೆಲಾಳ ಕಡೆ ತಿರುಗಿದಳು. "ದಕ್ಷಿಣಕ್ಕೆ ಹೋಗುತ್ತವೆ ಅಂತಾರೆ," ಎಂದಳು ಇಂಗೆಲಾ. "ಎಷ್ಟು ತಲುಪುತ್ತವೋ ನನಗೂ ಗೊತ್ತಿಲ್ಲ."

ಪತಂಗ ಎದ್ದು, ಮೂವರ ತಲೆಯ ಮೇಲೆ ಒಂದು ಸುತ್ತು ಹಾಕಿ, ದಕ್ಷಿಣ ಬಿಟ್ಟು ನೇರ ಪಶ್ಚಿಮಕ್ಕೆ, ಸಮುದ್ರದ ಕಡೆಗೆ ಹೋಯಿತು. "ಯಾಕೆ ಆ ಕಡೆ?" ಎನ್ನುತ್ತಲೇ ವೇದವತಿ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದು ಅದರ ಹಿಂದೆ ಓಡಿದಳು.