ಆಂಪ್ಲಿಫೈಯರ್ ಬಟ್ಟೆಯ ಮೇಲೆ ಅಪ್ಪನ ಹೆಸರು

ಪ್ರಿಯದರ್ಶಿನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕಮ್ಮನಹಳ್ಳಿಯ ಆ ಕನ್ನಡ ಕ್ರೈಸ್ತ ಸಭೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಇರದೆ ಏನು ಮಾಡೀತು? ಚರ್ಚಿನ ಆರಾಧನಾ ತಂಡದಲ್ಲಿ ವರ್ಷಗಟ್ಟಲೆ ಗಿಟಾರ್ ನುಡಿಸಿದರೂ ಮೂರನೇ ಬೆಂಚು ದಾಟಿ ಒಂದು ಸ್ವರವೂ ಹೋದದ್ದಿಲ್ಲ. ಕೀಬೋರ್ಡು, ಡ್ರಮ್ಮುಗಳ ಅಬ್ಬರದಲ್ಲಿ ಅವಳ ಬೆರಳು ಓಡಾಡುವುದು ಕಾಣುತ್ತಿತ್ತು, ಅಷ್ಟೆ. ಬೀದರ್ ಕಡೆಯಿಂದ ಬಂದು ಹೊರಮಾವಿನಲ್ಲಿ ನೆಲೆನಿಂತ ಅವಳಪ್ಪ ಮಾನಪ್ಪ, ಕೆಮ್ಮಿನ ಕಾಟಕ್ಕೆ ಹಿಂದಿನ ಬಾಗಿಲ ಬಳಿ ಕೂರುತ್ತಿದ್ದರು. ಚರ್ಚಿನಲ್ಲಿ ಮಗಳ ಗಿಟಾರನ್ನು ಒಮ್ಮೆಯೂ ಸರಿಯಾಗಿ ಕೇಳದೆ ತೀರಿಕೊಂಡರು. ತೀರಿಕೊಳ್ಳುವ ಮುಂಚೆ ಹೆಂಡತಿ ಸಾಬಮ್ಮನ ಕೈಗೆ ಹಣ ಕೊಟ್ಟು, ಒಂದು ಆಂಪ್ಲಿಫೈಯರ್ ತಂದು ಸಭೆಗೆ ಕೊಡಿ, ಹಿಂದೆ ಕೂತವರಿಗೂ ಕೇಳಿಸಲಿ ಎಂದಿದ್ದರು.

ಅಪ್ಪನ ಹಣ, ಮಗಳ ಗಿಟಾರು. ಆರಿಸುವವಳು ತಾನೇ ಎಂದುಕೊಂಡಿದ್ದಳು ಪ್ರಿಯದರ್ಶಿನಿ. ಸಭೆಯ ಕಾರ್ಯದರ್ಶಿ ಹಂಪಣ್ಣ ಶಿವಾಜಿನಗರದ ಅಂಗಡಿಗೂ ಬೆನ್ನು ಹತ್ತಿ ಬಂದರು. ಅವಳು ಗಿಟಾರಿನ ವೈರು ಸಿಕ್ಕಿಸಿ ಒಂದೊಂದನ್ನೇ ನುಡಿಸಿ ನೋಡುತ್ತಿದ್ದರೆ, ಈ ಮಹಾಶಯರು ಜೇಬಿನಿಂದ ಟೇಪು ತೆಗೆದು ಪೆಟ್ಟಿಗೆಗಳ ಅಗಲ ಅಳೆಯುತ್ತಿದ್ದರು.

"ಸಾಬ್, ಇದು ಕಿವಿಯಿಂದ ನೋಡಿ ತಗೊಳ್ಳೋದು. ಅಳತೆ ನೋಡಿ ತಗೊಳ್ಳೋ ಬೀರು ಅಲ್ಲ," ಎಂದ ಅಂಗಡಿಯ ಅಮೀರ್.

ಹಂಪಣ್ಣ ಎಲ್ಲಕ್ಕಿಂತ ದೊಡ್ಡದನ್ನು ತಟ್ಟಿದರು. "ಇದು ತಗೊಳ್ಳಮ್ಮ. ಮುಂದ್ಗಡೆ ಎಷ್ಟು ಅಗಲ ಇದೆ ನೋಡು."

"ಅದು ಬೇಸ್ ಗಿಟಾರಿಂದು ಅಂಕಲ್. ನನ್ನ ಗಿಟಾರು ಅದ್ರಲ್ಲಿ ಬರೀ ಗುಂಯ್ ಅನ್ನುತ್ತೆ."

ಸದ್ದು ಎಷ್ಟು ಏರಿಸಿದರೂ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳಿಸುವ, ನಡುಗಾತ್ರದ ಒಂದನ್ನು ಅವಳು ಹಟ ಹಿಡಿದು ಕೊಂಡಳು. ಮುಂಭಾಗ ಚಿಕ್ಕದಾಯಿತು ಎಂದು ಹಂಪಣ್ಣ ಆಟೋದಲ್ಲೂ ಗೊಣಗಿದರು. ಮುಂಭಾಗ ಕಟ್ಟಿಕೊಂಡು ಇವರಿಗೇನಾಗಬೇಕು ಎಂದು ಅವಳು ಕೇಳಲಿಲ್ಲ. ಕೇಳಬೇಕಿತ್ತು.

ಭಾನುವಾರ ಬೆಳಿಗ್ಗೆ ಬಂದು ನೋಡಿದರೆ, ಆಂಪ್ಲಿಫೈಯರಿನ ಮುಂಭಾಗದಲ್ಲಿ ಸ್ಪೀಕರಿಗೆ ಹೊದಿಸಿದ್ದ ಕಪ್ಪು ಬಟ್ಟೆಯ ತುಂಬ ಬಿಳಿ ಆಯಿಲ್ ಪೇಂಟು. "ದಿವಂಗತ ಮಾನಪ್ಪನವರ ಪ್ರೀತಿಯ ನೆನಪಿಗಾಗಿ, 1999." ಆ ಸಭೆಯಲ್ಲಿ ಯಾರು ಏನು ಕೊಟ್ಟರೂ ಅದರ ಮೇಲೆ ಹೆಸರು ಬರೆಸುವುದು ಪದ್ಧತಿ. ಬೆಂಚಿನ ಬೆನ್ನ ಮೇಲೆ ಹೆಸರು, ಗಡಿಯಾರದ ಮೇಲೆ ಹೆಸರು, ತಿರುಗಿದರೆ ಓದಲಾಗದ ಫ್ಯಾನಿನ ರೆಕ್ಕೆಯ ಮೇಲೂ ಹೆಸರು. ಆ ಬಟ್ಟೆಯನ್ನು ಹಾದೇ ಸದ್ದು ಹೊರಗೆ ಬರಬೇಕು ಎಂದು ಈ ಬುದ್ಧಿವಂತರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ!

ಮುಂದಿನ ಬೆಂಚಿನಲ್ಲಿ ಸಾಬಮ್ಮ ಹೊಸ ಸೀರೆ ಉಟ್ಟು ಕೂತಿದ್ದರು. ಬಂದವರನ್ನೆಲ್ಲ ಕರೆದು ಆ ಅಕ್ಷರಗಳನ್ನು ತೋರಿಸುತ್ತಿದ್ದರು.

ಪ್ರಿಯದರ್ಶಿನಿ ವೈರು ಸಿಕ್ಕಿಸಿ ತಂತಿ ಮೀಟಿದಳು. ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳಿಸಿತು.

"ಸೌಂಡ್ ಜಾಸ್ತಿ ಮಾಡ್ಕೊಳ್ಳಮ್ಮ," ಎಂದರು ಹಂಪಣ್ಣ.

ಜಾಸ್ತಿ ಮಾಡಿದಳು. ಕಂಬಳಿ ಹಾಗೇ ಇತ್ತು. ಗಿಟಾರಿನ ಚೀಲದಿಂದ ಬ್ಲೇಡು ತೆಗೆದು ಪೆಟ್ಟಿಗೆಯ ಮುಂದೆ ಮಂಡಿಯೂರಿದಳು.

"ಏಯ್, ಏನ್ಮಾಡ್ತಿದೀಯ? ಅದು ನಿಮ್ಮಪ್ಪನ ಹೆಸರಮ್ಮ."

"ಗೊತ್ತು ಅಂಕಲ್. ಅದಕ್ಕೇ ನಾನೇ ಕೊಯ್ತಿರೋದು."

ಅಂಚಿನಿಂದ ಅಂಚಿಗೆ ಕೊಯ್ದು ಬಟ್ಟೆಯನ್ನು ಕಿತ್ತೆಸೆದಳು. ಅಂದಿನ ಮೊದಲ ಕೀರ್ತನೆಗೆ ಅವಳ ಗಿಟಾರು ಹಿಂದಿನ ಬಾಗಿಲು ದಾಟಿ ಗೇಟಿನವರೆಗೂ ಕೇಳಿಸಿತು. ಜನ ತಿರುತಿರುಗಿ ಅವಳನ್ನು ನೋಡಿದರು. ತಾಯಿ ಮಾತ್ರ ತಲೆ ಎತ್ತಲಿಲ್ಲ.

ಆರಾಧನೆ ಮುಗಿದು ಹೊರಮಾವಿನ ಬಸ್ಸಿಗೆ ನಿಂತಾಗಲೂ ಅವಳ ಸಿಟ್ಟು ಇಳಿದಿರಲಿಲ್ಲ. ಹಂಪಣ್ಣನನ್ನು ಬಾಯಿಗೆ ಬಂದಂತೆ ಬೈದಳು. ಸಾಬಮ್ಮ ಎಲ್ಲ ಕೇಳಿಸಿಕೊಂಡರು.

"ನಂಗ ಓದ್ಲಾಕ ಬರಲ್ಲವ್ವ," ಎಂದರು ಕೊನೆಗೆ. "ಅದೊಂದು ಹೆಸರು ಗುರ್ತ ಹಿಡೀತಿದ್ದೆ."